ಮರಳಿ ದೊರೆಯುವ ಕ್ರಿಯಾವರ್ಧಕ

ನಾವು ನಿತ್ಯವೂ ಬಳಸುವ ಎಷ್ಟೋ ವಸ್ತುಗಳು ಪ್ರಕೃತಿಯಲ್ಲಿ ಸಿದ್ಧರೂಪದಲ್ಲಿ ದೊರೆಯುವುದಿಲ್ಲ. ಹೊಲಕ್ಕೆ ಹಾಕುವ ಯೂರಿಯ, ರೋಗಿಗೆ ಕೊಡುವ ಔಷಧ, ಬಟ್ಟೆಗೆ ಹಚ್ಚುವ ಬಣ್ಣ, ನೀರು ತುಂಬುವ ಪ್ಲಾಸ್ಟಿಕ್ ಕೊಡ ಇವೆಲ್ಲವೂ ಒಂದು ವಸ್ತು ಇನ್ನೊಂದರೊಡನೆ ಕೂಡಿ ಮತ್ತೊಂದಾಗಿ ಮಾರ್ಪಡುವ ರಾಸಾಯನಿಕ ಕ್ರಿಯೆಗಳ ಫಲಗಳು. ಆದರೆ ಎರಡು ವಸ್ತುಗಳನ್ನು ಒಂದೆಡೆ ಸೇರಿಸಿದ ಮಾತ್ರಕ್ಕೆ ಅವು ಕೂಡಿಯೇ ತೀರುತ್ತವೆಂದು ಹೇಳುವಂತಿಲ್ಲ. ಜಲಜನಕ ಮತ್ತು ಆಮ್ಲಜನಕಗಳನ್ನು ಒಂದೇ ಪಾತ್ರೆಯಲ್ಲಿ ತುಂಬಿ, ಕಿಡಿಯಾಗಲಿ ಬಿಸಿಯಾಗಲಿ ತಾಗದಂತೆ ಇಟ್ಟರೆ, ಅವು ವರ್ಷಗಟ್ಟಲೆ ಮಾತುಬಿಟ್ಟ ನೆರೆಹೊರೆಯವರಂತೆ ಇದ್ದುಬಿಡುತ್ತವೆ, ನೀರಾಗುವುದಿಲ್ಲ.

1823ರಲ್ಲಿ ಜರ್ಮನಿಯ ಡೋಬರೈನರ್ ಎಂಬ ರಸಾಯನ ವಿಜ್ಞಾನಿ ಒಂದು ವಿಸ್ಮಯವನ್ನು ಕಂಡನು. ಸ್ಪಂಜಿನಂತೆ ರಂಧ್ರಮಯವಾದ ಪ್ಲಾಟಿನಮ್ ಲೋಹದ ಮೇಲೆ ಅವನು ಗಾಳಿಯಲ್ಲಿ ಜಲಜನಕವನ್ನು ಹಾಯಿಸಿದಾಗ, ಯಾರೂ ಬೆಂಕಿ ಹಚ್ಚದಿದ್ದರೂ ಲೋಹವು ಕೆಂಪಗೆ ಕಾದು ಅನಿಲವು ಹೊತ್ತಿಕೊಂಡಿತು. ಇದನ್ನೇ ಬಳಸಿ ಅವನು ಕಡ್ಡಿ ಗೀರದೆ ಉರಿಯುವ ದೀಪವೊಂದನ್ನು ರಚಿಸಿದನು. ಇಲ್ಲಿ ಸೋಜಿಗವೆಂದರೆ, ಕ್ರಿಯೆ ಮುಗಿದ ಮೇಲೆ ಪ್ಲಾಟಿನಮ್ ಮೊದಲಿನಂತೆಯೇ ಉಳಿದಿದ್ದಿತು. ಇಂತಹ ಹಲವು ಪ್ರಸಂಗಗಳನ್ನು ಒಟ್ಟುಗೂಡಿಸಿ ಆಲೋಚಿಸಿದ ಸ್ವೀಡನ್ ದೇಶದ ಬರ್ಜೀಲಿಯಸ್, 1835ರಲ್ಲಿ ಅವಕ್ಕೆ ‘ಕೆಟಾಲಿಸಿಸ್’ ಎಂಬ ಹೆಸರನ್ನು ಕೊಟ್ಟನು. ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವ ಇಂತಹ ವಸ್ತುವನ್ನು ನಾವು ಕ್ರಿಯಾವರ್ಧಕವೆಂದು ಕರೆಯುತ್ತೇವೆ.

ಕ್ರಿಯಾವರ್ಧಕವು ಮಾಡುವ ಕೆಲಸವನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಬಯಲುಸೀಮೆಯಿಂದ ಕರಾವಳಿಗೆ ಹೋಗಬೇಕಾದವನು ಸಹ್ಯಾದ್ರಿಯನ್ನು ದಾಟಬೇಕು. ಬೆಟ್ಟದ ನೆತ್ತಿಯನ್ನೇ ಹತ್ತಿ ಇಳಿಯುವುದಾದರೆ ಅದು ಗಟ್ಟಿಗರಾದ ಕೆಲವರಿಂದ ಮಾತ್ರ ಸಾಧ್ಯ. ಘಟ್ಟದ ನಡುವಿನ ತಗ್ಗಾದ ದಾರಿಯೊಂದನ್ನು ಯಾರಾದರೂ ತೋರಿಸಿಕೊಟ್ಟರೆ ಎಲ್ಲರೂ ದಾಟಬಲ್ಲರು. ಅಣುಗಳಿಗೂ ಇಂತಹ ಒಂದು ಏರು ಎದುರಾಗುತ್ತದೆ. ಹಳೆಯ ಬಂಧಗಳು ಸಡಿಲವಾಗಿ ಹೊಸ ಬಂಧಗಳು ಕೂಡಿಕೊಳ್ಳಲು ಬೇಕಾಗುವ ಶಕ್ತಿಯೇ ಆ ಏರು. ಕ್ರಿಯಾವರ್ಧಕವು ತಗ್ಗಿನ ದಾರಿಯನ್ನು ಒದಗಿಸುತ್ತದೆ. ಹೊರಟ ಊರನ್ನಾಗಲಿ ತಲುಪುವ ಊರನ್ನಾಗಲಿ ಅದು ಬದಲಿಸುವುದಿಲ್ಲ. ಹಾಗೆಂದು ಅದು ದೂರದಲ್ಲಿ ನಿಂತು ನೋಡುವ ಸಾಕ್ಷಿಯೂ ಅಲ್ಲ. ಅದು ಅಣುವಿನೊಡನೆ ಕ್ಷಣಕಾಲ ಬಂಧ ಬೆಳೆಸುತ್ತದೆ, ಮಾರ್ಪಟ್ಟ ಅಣುವನ್ನು ಬಿಟ್ಟುಕೊಡುತ್ತದೆ, ತನ್ನ ಮೂಲರೂಪಕ್ಕೆ ಮರಳಿ ಮುಂದಿನ ಅಣುವಿಗೆ ಕೈಚಾಚುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಕ್ರಿಯಾವರ್ಧಕವು ವ್ಯಯವಾಗುವುದಿಲ್ಲವೆಂದ ಮೇಲೆ, ಒಮ್ಮೆ ಕೊಂಡುತಂದದ್ದೇ ಎಂದೆಂದಿಗೂ ಸಾಕಾಗಬೇಕಲ್ಲವೆ? ವ್ಯಯವಾಗದಿರುವುದು ಬೇರೆ, ಕೈಗೆ ಮರಳಿ ದೊರೆಯುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ಕಿರಿದುಗೊಳಿಸಲು ರಸಾಯನ ವಿಜ್ಞಾನಿಗಳು ನಡೆಸಿದ ಪ್ರಯತ್ನವೇ ಈ ಪಾಠದ ವಿಷಯ.

ಮನೆಯಲ್ಲಿ ಹಾಲಿಗೆ ಒಂದು ಚಮಚ ಮಜ್ಜಿಗೆಯ ಹೆಪ್ಪನ್ನು ಹಾಕಿದರೆ ಬೆಳಗಾಗುವುದರೊಳಗೆ ಹಾಲೆಲ್ಲ ಮೊಸರಾಗುತ್ತದೆ. ಆ ಹೆಪ್ಪನ್ನು ಮೊಸರಿನಿಂದ ಬೇರ್ಪಡಿಸಿ ತೆಗೆಯಿರೆಂದರೆ ಯಾರಿಂದಲೂ ಆಗದು. ಅದು ಮೊಸರಿನಲ್ಲಿ ಒಂದಾಗಿಹೋಗಿದೆ. ಅದೇ ಮೊಸರನ್ನು ಕಡೆಯುವ ಕಡೆಗೋಲಾದರೆ, ಕೆಲಸ ಮುಗಿದೊಡನೆ ಎತ್ತಿ, ತೊಳೆದು, ಗೂಟಕ್ಕೆ ತೂಗುಹಾಕಬಹುದು. ಹೆಪ್ಪಿನಲ್ಲಿರುವುದು ಜೀವಾಣುಗಳು, ಅವು ಬೆಳೆದು ಹೆಚ್ಚುತ್ತವೆ. ಆದ್ದರಿಂದ ಈ ಹೋಲಿಕೆಯನ್ನು ಬಹುದೂರ ಎಳೆಯಬಾರದು. ಆದರೂ ಕ್ರಿಯಾವರ್ಧಕಗಳಲ್ಲಿರುವ ಎರಡು ಬಗೆಗಳನ್ನು ನೆನಪಿಡಲು ಇದು ಸಾಕು.

ಮೊದಲನೆಯದು ಕರಗದೆ ಘನರೂಪದಲ್ಲಿಯೇ ನಿಂತು ಕೆಲಸ ಮಾಡುವ ಬಗೆ. ಸಾರಜನಕ ಮತ್ತು ಜಲಜನಕಗಳಿಂದ ಅಮೋನಿಯವನ್ನು ಪಡೆಯಲು 1913ರಿಂದ ಜರ್ಮನಿಯ ಓಪ್ಪಾವು ಕಾರ್ಖಾನೆಯಲ್ಲಿ ಬಳಸಿದ ಕಬ್ಬಿಣದ ಕ್ರಿಯಾವರ್ಧಕ ಈ ಜಾತಿಯದು. ಅನಿಲಗಳು ಅದರ ಮೇಲೆ ಹಾಯ್ದು ಹೋಗುತ್ತವೆ. ಕಬ್ಬಿಣವು ಇದ್ದಲ್ಲಿಯೇ ಇರುತ್ತದೆ. ಬೇರ್ಪಡಿಸುವ ತೊಂದರೆಯೇ ಇಲ್ಲ. ಆದರೆ ಘನವಸ್ತುವಿನ ಮೇಲ್ಮೈಯಲ್ಲಿರುವ ಪರಮಾಣುಗಳಿಗೆ ಮಾತ್ರ ಕೆಲಸ. ಒಳಗೆ ಅಡಗಿರುವ ಪರಮಾಣುಗಳು ಸುಮ್ಮನೆ ಕುಳಿತಿರುತ್ತವೆ. ಮೇಲ್ಮೈಯೂ ಎಲ್ಲೆಡೆ ಒಂದೇ ಸಮನಾಗಿರದೆ, ಅಲ್ಲಲ್ಲಿ ಬೇರೆಬೇರೆ ಗುಣವನ್ನು ತೋರಿಸುವುದುಂಟು.

ಎರಡನೆಯದು ದ್ರಾವಣದಲ್ಲಿ ಪೂರ್ತಿ ಕರಗಿ ಕೆಲಸ ಮಾಡುವ ಬಗೆ. ಇಲ್ಲಿ ಪ್ರತಿಯೊಂದು ಅಣುವೂ ದುಡಿಯುತ್ತದೆ. ಎಲ್ಲ ಅಣುಗಳ ರಚನೆಯೂ ಒಂದೇ ಆಗಿರುವುದರಿಂದ ಕೆಲಸವೂ ಅಚ್ಚುಕಟ್ಟು. ಇಂಗ್ಲೆಂಡಿನ ಜೆಫ್ರಿ ವಿಲ್ಕಿನ್ಸನ್ 1960ರ ದಶಕದ ನಡುವಿನಲ್ಲಿ ಕಂಡುಹಿಡಿದ, ಅವನ ಹೆಸರಿನಿಂದಲೇ ಪ್ರಸಿದ್ಧವಾದ ಕ್ರಿಯಾವರ್ಧಕವು ಇದಕ್ಕೆ ಉತ್ತಮ ನಿದರ್ಶನ. ಅದರ ನಡುವೆ ರೋಡಿಯಮ್ ಲೋಹದ ಒಂದು ಪರಮಾಣು. ಅದರ ಸುತ್ತ ರಂಜಕವುಳ್ಳ ಫಾಸ್ಫೀನ್ ಎಂಬ ಗುಂಪುಗಳು ಮೂರು, ಕ್ಲೋರಿನ್ ಒಂದು. ಇಂಗಾಲದ ಎರಡು ಪರಮಾಣುಗಳ ನಡುವಿನ ಜೋಡಿ ಬಂಧಕ್ಕೆ ಜಲಜನಕವನ್ನು ಸೇರಿಸುವ ಕೆಲಸವನ್ನು ಅದು ಸಾಮಾನ್ಯ ಉಷ್ಣತೆಯಲ್ಲಿಯೇ ನೆರವೇರಿಸುತ್ತದೆ. ಆದರೆ ಕೆಲಸ ಮುಗಿದ ಮೇಲೆ ಅದನ್ನು ಹೊರತೆಗೆಯುವುದು ಹೇಗೆ? ಸೋಸಿದರೆ ಅದು ದ್ರಾವಣದೊಡನೆ ಸೋಸುಕಾಗದದ ಕೆಳಗೆ ಇಳಿದುಹೋಗುತ್ತದೆ. ಕಾಯಿಸಿ ಬಟ್ಟಿಯಿಳಿಸಲು ಹೋದರೆ ಬಿಸಿಗೆ ಅದರ ರಚನೆಯೇ ಕೆಡಬಹುದು.

ಇದು ಸಣ್ಣ ನಷ್ಟವಲ್ಲ. ರೋಡಿಯಮ್ ಭೂಮಿಯ ಅತಿ ವಿರಳ ಲೋಹಗಳಲ್ಲೊಂದು. ಇಡೀ ಪ್ರಪಂಚದಲ್ಲಿ ವರ್ಷಕ್ಕೆ ಗಣಿಗಳಿಂದ ದೊರೆಯುವುದು ಸುಮಾರು 30 ಟನ್ ಮಾತ್ರ; ಅದರಲ್ಲಿ ಬಹುಪಾಲು ದಕ್ಷಿಣ ಆಫ್ರಿಕ ಒಂದರಿಂದಲೇ ಬರುತ್ತದೆ. ಇಂತಹ ಲೋಹವು ತೊಳೆದ ನೀರಿನೊಡನೆ ಹರಿದುಹೋದರೆ ಹಣವೂ ಹೋಯಿತು, ಲೋಹವೂ ಹೋಯಿತು. ತಯಾರಾದ ವಸ್ತುವು ಔಷಧವಾಗಿದ್ದರೆ ಇನ್ನೊಂದು ಅಪಾಯವಿದೆ. ಅದರಲ್ಲಿ ಲೋಹದ ಅಂಶವು ಗೊತ್ತುಪಡಿಸಿದ ಅತ್ಯಲ್ಪ ಮಿತಿಯನ್ನು ಮೀರಿ ಉಳಿಯುವಂತಿಲ್ಲ. ಅದನ್ನು ತೆಗೆಯುವ ಕೆಲಸವೇ ಕೆಲವೊಮ್ಮೆ ಔಷಧವನ್ನು ತಯಾರಿಸುವ ಕೆಲಸಕ್ಕಿಂತ ಕಷ್ಟವಾಗುತ್ತದೆ.

ಹಾಗಾದರೆ ಕರಗಿದ ಕ್ರಿಯಾವರ್ಧಕದ ಚಾತುರ್ಯವನ್ನೂ ಘನ ಕ್ರಿಯಾವರ್ಧಕದ ಅನುಕೂಲವನ್ನೂ ಒಂದೆಡೆ ಕೂಡಿಸಲಾಗದೆ? ಹೆಪ್ಪನ್ನು ಕಡೆಗೋಲಿಗೆ ಕಟ್ಟಲಾಗದೆ? ಇದಕ್ಕೆ ಉತ್ತರ ದೊರೆತದ್ದು ಪಾಲಿಮರ್ ಮಣಿಗಳಲ್ಲಿ.

ಪಾಲಿಮರ್ ಎಂದರೆ ಸಣ್ಣ ಅಣುಗಳು ಸಾವಿರಗಟ್ಟಲೆ ಒಂದಕ್ಕೊಂದು ಕೊಂಡಿಹಾಕಿಕೊಂಡು ಆದ ಉದ್ದವಾದ ಸರಪಣಿ. ಸ್ಟೈರೀನ್ ಎಂಬ ದ್ರವದ ಅಣುಗಳು ಹೀಗೆ ಕೂಡಿದಾಗ ಪಾಲಿಸ್ಟೈರೀನ್ ಆಗುತ್ತದೆ. ಈ ಸರಪಣಿಗಳು ಬಿಡಿಬಿಡಿಯಾಗಿದ್ದರೆ ಟಾಲ್ವೀನಿನಂತಹ ದ್ರಾವಕದಲ್ಲಿ ಕರಗಿಹೋಗುತ್ತವೆ. ಆದರೆ ಸ್ಟೈರೀನಿನೊಡನೆ ನೂರಕ್ಕೆ ಒಂದೆರಡು ಪಾಲು ಡೈವಿನೈಲ್ ಬೆಂಜೀನ್ ಎಂಬ ವಸ್ತುವನ್ನು ಬೆರೆಸಿದರೆ, ಅದು ಅಲ್ಲಲ್ಲಿ ಒಂದು ಸರಪಣಿಯನ್ನು ಮತ್ತೊಂದಕ್ಕೆ ಗಂಟುಹಾಕುತ್ತದೆ. ಬಿಡಿ ನೂಲುಗಳಾಗಿದ್ದವು ಈಗ ಬಲೆಯಾಗುತ್ತವೆ. ಈ ಮಿಶ್ರಣವನ್ನು ನೀರಿನಲ್ಲಿ ಹಾಕಿ ಕಲಕುತ್ತ ಕಾಯಿಸಿದರೆ, ಹನಿಹನಿಯಾಗಿ ಚದುರಿದ ದ್ರವವು ಹನಿಯ ಆಕಾರದಲ್ಲಿಯೇ ಗಟ್ಟಿಯಾಗಿ, ಸಾಸಿವೆಗಿಂತ ಸಣ್ಣದಾದ ಗುಂಡು ಮಣಿಗಳು ದೊರೆಯುತ್ತವೆ. ದ್ರಾವಕದಲ್ಲಿ ಹಾಕಿದಾಗ ಈ ಮಣಿಗಳು ಕರಗುವುದಿಲ್ಲ. ನೆನೆಹಾಕಿದ ಸಬ್ಬಕ್ಕಿಯಂತೆ ಉಬ್ಬುತ್ತವೆ. ಉಬ್ಬಿದಾಗ ಬಲೆಯ ಕಣ್ಣುಗಳು ತೆರೆದು, ದ್ರಾವಕವೂ ಅದರಲ್ಲಿ ಕರಗಿದ ಅಣುಗಳೂ ಮಣಿಯ ಒಳಗೆಲ್ಲ ಓಡಾಡಬಲ್ಲವು. ಮಣಿಯು ಹೊರಗಿನಿಂದ ಘನ, ಒಳಗಿನಿಂದ ಹೆಚ್ಚುಕಡಿಮೆ ದ್ರಾವಣ. ಇದರ ಉಪಯುಕ್ತತೆಯೆಲ್ಲವೂ ಈ ಇಬ್ಬಗೆಯ ಸ್ವಭಾವದಲ್ಲಿಯೇ ಅಡಗಿದೆ.

ಇಂತಹ ಮಣಿಗಳಲ್ಲಿ ಮೊದಲು ಪ್ರಯೋಜನಕ್ಕೆ ಬಂದವು ಅಯಾನು ವಿನಿಮಯ ರಾಳಗಳು. 1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಎಂಬವರು, ನೀರಿನಲ್ಲಿರುವ ಲವಣಗಳ ಅಯಾನುಗಳನ್ನು ಕೃತಕ ರಾಳಗಳು ಹಿಡಿದುಕೊಳ್ಳಬಲ್ಲವೆಂದು ತೋರಿಸಿದರು. ಮುಂದೆ 1940ರ ದಶಕದಲ್ಲಿ ಅಮೆರಿಕದ ಡಾಲೇಲಿಯೊ, ಪಾಲಿಸ್ಟೈರೀನ್ ಮಣಿಗಳನ್ನು ಗಂಧಕಾಮ್ಲದಿಂದ ಉಪಚರಿಸಿ, ಮಣಿಯ ಒಡಲಿಗೇ ಆಮ್ಲದ ಗುಂಪುಗಳನ್ನು ಬೆಸೆಯುವ ವಿಧಾನವನ್ನು ರೂಪಿಸಿದನು. ಕೊಳವೆ ಬಾವಿಯ ಗಡಸು ನೀರನ್ನು ಮೆದುವಾಗಿಸುವ ಯಂತ್ರಗಳಲ್ಲಿ ಇಂದಿಗೂ ಈ ಜಾತಿಯ ಮಣಿಗಳೇ ತುಂಬಿರುತ್ತವೆ. ಅವು ನೀರಿನಲ್ಲಿರುವ ಕ್ಯಾಲ್ಸಿಯಮ್ ಮತ್ತು ಮೆಗ್ನೀಸಿಯಮ್ ಅಯಾನುಗಳನ್ನು ಹಿಡಿದು ಸೋಡಿಯಮ್ ಅಯಾನುಗಳನ್ನು ಬಿಟ್ಟುಕೊಡುತ್ತವೆ. ಉಪ್ಪುನೀರಿನಿಂದ ತೊಳೆದರೆ ಮತ್ತೆ ಮೊದಲಿನಂತಾಗುತ್ತವೆ.

ಆಮ್ಲದ ಗುಂಪುಗಳುಳ್ಳ ಮಣಿಯು ಕ್ರಿಯಾವರ್ಧಕವೂ ಆಗಬಲ್ಲದು. ಮದ್ಯಸಾರ ಮತ್ತು ಅಸೆಟಿಕ್ ಆಮ್ಲಗಳನ್ನು ಕೂಡಿಸಿ, ಹಣ್ಣಿನ ಪರಿಮಳವುಳ್ಳ ಎಸ್ಟರನ್ನು ತಯಾರಿಸಲು ಪ್ರಯೋಗಾಲಯದಲ್ಲಿ ಕೆಲವು ಹನಿ ಗಂಧಕಾಮ್ಲವನ್ನು ಬಳಸುವುದು ವಾಡಿಕೆ. ಕೊನೆಗೆ ಆ ಆಮ್ಲವನ್ನು ಕ್ಷಾರದಿಂದ ಶಮನಗೊಳಿಸಿ, ಉಂಟಾದ ಲವಣವನ್ನು ನೀರಿನಿಂದ ತೊಳೆದು, ಆ ಕೊಳೆನೀರನ್ನು ಚೆಲ್ಲಬೇಕು. ಆಮ್ಲವು ಕ್ರಿಯೆಯಲ್ಲಿ ವ್ಯಯವಾಗಲಿಲ್ಲ. ನಾವೇ ಅದನ್ನು ಹಾಳುಮಾಡಿದೆವು. ಆಮ್ಲದ ಮಣಿಗಳನ್ನು ಬಳಸಿದರೆ ಕ್ಷಾರವೂ ಬೇಡ, ಲವಣವೂ ಇಲ್ಲ, ಸೋಸಿದರೆ ಮುಗಿಯಿತು.

ಕಾರ್ಖಾನೆಗಳೂ ಈ ದಾರಿಯನ್ನು ಹಿಡಿದವು. ಪೆಟ್ರೋಲಿಗೆ ಬೆರೆಸುವ ಎಂ.ಟಿ.ಬಿ.ಇ. ಎಂಬ ದ್ರವವನ್ನು ಇಂತಹ ಮಣಿಗಳ ಮೇಲೆ ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು 1973ರಲ್ಲಿ ಇಟಲಿಯಲ್ಲಿ ಆರಂಭವಾಯಿತು. ಆದರೆ ಮುಂದೆ ಅಮೆರಿಕದಲ್ಲಿ, ನೆಲದಡಿಯ ತೊಟ್ಟಿಗಳಿಂದ ಸೋರಿದ ಪೆಟ್ರೋಲಿನೊಡನೆ ಇದು ಅಂತರ್ಜಲಕ್ಕೆ ಸೇರಿತೆಂದು ಕಂಡುಬಂದು, ಕ್ಯಾಲಿಫೋರ್ನಿಯ ರಾಜ್ಯವು 2004ರಿಂದ ಅದರ ಬಳಕೆಯನ್ನು ನಿಷೇಧಿಸಿತು. ತಯಾರಿಕೆಯ ವಿಧಾನವು ಶುದ್ಧವಾಗಿದ್ದ ಮಾತ್ರಕ್ಕೆ ತಯಾರಾದ ವಸ್ತುವೂ ನಿರಪಾಯವೆಂದು ತಿಳಿಯಲಾಗದು ಎಂಬುದಕ್ಕೆ ಇದೊಂದು ಎಚ್ಚರಿಕೆ.

ಮಣಿಯ ಮೇಲೆ ಇನ್ನೂ ಸೂಕ್ಷ್ಮವಾದ ಕೆಲಸವನ್ನು ನಡೆಸಬಹುದೆಂಬ ಧೈರ್ಯವನ್ನು ರಸಾಯನ ವಿಜ್ಞಾನಿಗಳಿಗೆ ಕೊಟ್ಟವನು ಅಮೆರಿಕದ ಬ್ರೂಸ್ ಮೆರಿಫೀಲ್ಡ್. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಅವನು, ಅಮೈನೊ ಆಮ್ಲಗಳನ್ನು ಒಂದರ ಮುಂದೊಂದು ಪೋಣಿಸಿ ಪ್ರೋಟೀನಿನಂತಹ ಸರಪಣಿಗಳನ್ನು ಕಟ್ಟುವ ಕೆಲಸದಲ್ಲಿ ತೊಡಗಿದ್ದನು. ಪ್ರತಿಯೊಂದು ಹಂತದಲ್ಲಿಯೂ ವಸ್ತುವನ್ನು ಬೇರ್ಪಡಿಸಿ ಶುದ್ಧಗೊಳಿಸಬೇಕಾಗಿದ್ದುದರಿಂದ ಕೆಲಸವು ಆಮೆಯ ನಡಿಗೆಯಲ್ಲಿ ಸಾಗುತ್ತಿದ್ದಿತು. 1959ರಲ್ಲಿ ಅವನಿಗೆ ಒಂದು ಉಪಾಯ ಹೊಳೆಯಿತು: ಮೊದಲನೆಯ ಅಮೈನೊ ಆಮ್ಲವನ್ನು ಮಣಿಯೊಂದಕ್ಕೆ ಭದ್ರವಾಗಿ ಕಟ್ಟಿಬಿಟ್ಟರೆ, ಉಳಿದದ್ದನ್ನೆಲ್ಲ ತೊಳೆದು ಹಾಕಬಹುದಲ್ಲವೆ? ಅದಕ್ಕಾಗಿ ಅವನು ಪಾಲಿಸ್ಟೈರೀನ್ ಮಣಿಗೆ ಕ್ಲೋರೊಮೀಥೈಲ್ ಎಂಬ ಗುಂಪನ್ನು ಹಿಡಿಕೆಯಂತೆ ಜೋಡಿಸಿದನು. ಈ ವಿಧಾನವನ್ನು 1963ರಲ್ಲಿ ಪ್ರಕಟಿಸಿದನು. 1969ರಲ್ಲಿ 124 ಅಮೈನೊ ಆಮ್ಲಗಳುಳ್ಳ ರೈಬೊನ್ಯೂಕ್ಲಿಯೇಸ್ ಎಂಬ ಕಿಣ್ವವನ್ನೇ ಗುಟ್ಟೆ ಎಂಬ ಸಹೋದ್ಯೋಗಿಯೊಡನೆ ಮಣಿಯ ಮೇಲೆ ಕಟ್ಟಿ ತೋರಿಸಿದನು. 1984ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಮೆರಿಫೀಲ್ಡನು ಮಣಿಗೆ ಕಟ್ಟಿದ್ದು ತಯಾರಾಗಬೇಕಾದ ವಸ್ತುವನ್ನು, ಕ್ರಿಯಾವರ್ಧಕವನ್ನಲ್ಲ. ಆದರೆ ಅವನ ಹಿಡಿಕೆಗೆ ಬೇರೆ ಏನನ್ನಾದರೂ ತಗುಲಿಸಬಹುದೆಂಬುದು ಇತರರಿಗೆ ಹೊಳೆಯಲು ತಡವಾಗಲಿಲ್ಲ.

1971ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ಗ್ರಬ್ಸ್ ಮತ್ತು ಕ್ರೋಲ್ ಎಂಬವರು ಇದನ್ನೇ ಮಾಡಿದರು. ಅವರು ಮಣಿಯ ಹಿಡಿಕೆಗೆ ಮೊದಲು ಫಾಸ್ಫೀನ್ ಗುಂಪನ್ನು ಬೆಸೆದರು. ಅನಂತರ ಆ ಮಣಿಗಳನ್ನು ವಿಲ್ಕಿನ್ಸನ್ನನ ಕ್ರಿಯಾವರ್ಧಕದ ದ್ರಾವಣದಲ್ಲಿ ಇಟ್ಟರು. ರೋಡಿಯಮ್ ತನ್ನ ಬಿಡಿ ಫಾಸ್ಫೀನುಗಳನ್ನು ಬಿಟ್ಟು, ಮಣಿಗೆ ಬೆಸೆದ ಫಾಸ್ಫೀನುಗಳನ್ನು ಹಿಡಿದುಕೊಂಡು ಮಣಿಯೊಳಗೆ ನೆಲೆಸಿತು. ಹೀಗೆ ಸಿದ್ಧವಾದ ಮಣಿಗಳು ಜಲಜನಕವನ್ನು ಸೇರಿಸುವ ಕೆಲಸವನ್ನು ಸಮರ್ಥವಾಗಿ ನೆರವೇರಿಸಿದವು; ಸೋಸಿ ತೆಗೆದು ಅವನ್ನೇ ಮತ್ತೆ ಮತ್ತೆ ಬಳಸಲು ಸಾಧ್ಯವಾಯಿತು.

ಈ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಗೋಚರಿಸಿತು. ಸೈಕ್ಲೊಹೆಕ್ಸೀನಿನಂತಹ ಸಣ್ಣ ಅಣುಗಳು ಮಣಿಯೊಳಗೆ ಬೇಗ ನುಗ್ಗಿ ಬೇಗ ಮಾರ್ಪಟ್ಟವು. ಕೊಲೆಸ್ಟೀನಿನಂತಹ ದೊಡ್ಡ ಅಣುಗಳು ಬಲೆಯ ಕಣ್ಣುಗಳಲ್ಲಿ ತಡವರಿಸಿ ಬಹು ನಿಧಾನವಾಗಿ ಮಾರ್ಪಟ್ಟವು. ಕರಗಿದ ಕ್ರಿಯಾವರ್ಧಕದಲ್ಲಿ ಗಾತ್ರದಿಂದ ಇಷ್ಟೊಂದು ವ್ಯತ್ಯಾಸವಾಗುತ್ತಿರಲಿಲ್ಲ. ಎಂದರೆ ಮಣಿಯು ಕೇವಲ ಹೊರೆ ಹೊರುವ ಆಳಲ್ಲ. ಯಾರನ್ನು ಒಳಗೆ ಬಿಡಬೇಕೆಂದು ಆರಿಸುವ ಬಾಗಿಲೂ ಹೌದು. ಇದರಿಂದ ಲಾಭವೂ ಉಂಟು, ನಷ್ಟವೂ ಉಂಟು. ಬೇಕಾದ ಅಣುವನ್ನು ಮಾತ್ರ ಮಾರ್ಪಡಿಸಬಹುದು ಎಂಬುದು ಲಾಭ. ಎಲ್ಲ ಅಣುಗಳೂ ಬಾಗಿಲಲ್ಲಿ ಕಾಯಬೇಕಾದ್ದರಿಂದ ವೇಗವು ಕುಗ್ಗಬಹುದು ಎಂಬುದು ನಷ್ಟ. ಇದೇ ಗ್ರಬ್ಸ್ ಮುಂದೆ ಬೇರೊಂದು ಸಂಶೋಧನೆಗಾಗಿ 2005ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು.

ಜೀವಿಗಳ ದೇಹದಲ್ಲಿರುವ ಕಿಣ್ವಗಳು ಪ್ರಕೃತಿಯ ಕ್ರಿಯಾವರ್ಧಕಗಳು. ಅವನ್ನೂ ಹೀಗೆ ನೆಲೆಗೊಳಿಸಬಹುದೆಂದು ತೋರಿಸಿದವರು ಜಪಾನಿನ ಚಿಬಾಟ ಮತ್ತು ಅವನ ಸಂಗಡಿಗರು. ತನಾಬೆ ಸೈಯಾಕು ಎಂಬ ಔಷಧ ಸಂಸ್ಥೆಯಲ್ಲಿ 1969ರಲ್ಲಿ ಅವರು ಕಿಣ್ವವೊಂದನ್ನು ಸಕ್ಕರೆಯ ಅಣುಗಳಿಂದಾದ ಪಾಲಿಮರಿಗೆ ಹಿಡಿಸಿ, ಅದನ್ನು ಕಂಬದಂತಹ ಪಾತ್ರೆಯಲ್ಲಿ ತುಂಬಿ, ಅಮೈನೊ ಆಮ್ಲಗಳನ್ನು ಎಡೆಬಿಡದೆ ತಯಾರಿಸುವ ಕಾರ್ಯವನ್ನು ಆರಂಭಿಸಿದರು. ಮೇಲಿನಿಂದ ದ್ರಾವಣವನ್ನು ಬಿಟ್ಟರೆ ಕೆಳಗಿನಿಂದ ಮಾರ್ಪಟ್ಟ ದ್ರಾವಣ ಹೊರಬರುತ್ತಿದ್ದಿತು. ಕಿಣ್ವವು ಕಂಬದಲ್ಲಿಯೇ ಉಳಿಯುತ್ತಿದ್ದಿತು. ಅದರ ಶಕ್ತಿ ಕುಂದಿದಾಗ ಅದೇ ಪಾಲಿಮರಿಗೆ ಹೊಸ ಕಿಣ್ವವನ್ನು ತುಂಬಬಹುದಾಗಿದ್ದಿತು. ಪೆನಿಸಿಲಿನ್ ವರ್ಗದ ಔಷಧಗಳ ತಯಾರಿಕೆಯಲ್ಲಿಯೂ ಹೀಗೆ ನೆಲೆಗೊಳಿಸಿದ ಕಿಣ್ವಗಳು ಇಂದು ದುಡಿಯುತ್ತಿವೆ.

ಇಷ್ಟನ್ನು ಓದಿದಾಗ ಸಮಸ್ಯೆಯೆಲ್ಲವೂ ಪರಿಹಾರವಾಯಿತೆಂದು ತೋರಬಹುದು. ನಿಜವಾಗಿ ಕಠಿನವಾದ ಪ್ರಶ್ನೆ ಇಲ್ಲಿಂದ ಮುಂದೆ ಆರಂಭವಾಗುತ್ತದೆ. ಕ್ರಿಯಾವರ್ಧಕವು ಕೆಲಸ ಮಾಡುವುದೇ ಬಂಧಗಳನ್ನು ಬೆಳೆಸುವುದರಿಂದ ಮತ್ತು ಬಿಡುವುದರಿಂದ. ಹಾಗೆ ಬಿಡುವಾಗ ಲೋಹವು ಮಣಿಯ ಕೈಯನ್ನೂ ಬಿಟ್ಟುಬಿಟ್ಟರೆ? ಆಗ ಅದು ಮಣಿಯಿಂದ ಜಾರಿ ದ್ರಾವಣಕ್ಕೆ ಸೇರುತ್ತದೆ. ಇದನ್ನು ಲೋಹದ ಸೋರಿಕೆ ಎನ್ನುತ್ತಾರೆ. ಹೀಗೆ ಜಾರಿದ ಲೋಹವೇ ಕೆಲಸವನ್ನೆಲ್ಲ ಮಾಡಿ, ಮಣಿಯು ಸುಮ್ಮನೆ ಹೆಸರು ಹೊತ್ತಿರುವ ಸಂದರ್ಭಗಳೂ ಉಂಟು. ಮಣಿಯು ಕೈಗೆ ಮರಳಿ ಬಂದಿತೆಂದ ಮಾತ್ರಕ್ಕೆ ಮಣಿಯೇ ದುಡಿಯಿತೆಂದು ಹೇಳಲಾಗದು.

ಇದನ್ನು ಪರೀಕ್ಷಿಸುವ ಸರಳವಾದ ಒಂದು ಕ್ರಮವಿದೆ. ಕ್ರಿಯೆಯು ಅರ್ಧದಷ್ಟು ನಡೆದಾಗ, ದ್ರಾವಣವು ಬಿಸಿಯಾಗಿರುವಂತೆಯೇ ಮಣಿಗಳನ್ನು ಸೋಸಿ ತೆಗೆದುಬಿಡಬೇಕು. ಸೋಸಿದ ದ್ರಾವಣವನ್ನು ಮೊದಲಿನಂತೆಯೇ ಕಾಯಿಸುತ್ತ ಹೋಗಬೇಕು. ಕ್ರಿಯೆಯು ಅಲ್ಲಿಗೇ ನಿಂತರೆ ಕೆಲಸ ಮಾಡುತ್ತಿದ್ದುದು ಮಣಿಯೆಂದು ನಂಬಲು ಆಧಾರ ದೊರೆಯುತ್ತದೆ. ಮಣಿಗಳಿಲ್ಲದಿದ್ದರೂ ಕ್ರಿಯೆಯು ಮುಂದುವರಿದರೆ ಲೋಹವು ಸೋರಿದೆಯೆಂದು ತಿಳಿಯಬೇಕು. ಬಿಸಿಯಾಗಿರುವಾಗಲೇ ಏಕೆ ಸೋಸಬೇಕು? ಏಕೆಂದರೆ ದ್ರಾವಣವು ತಣಿದಾಗ, ಜಾರಿದ ಲೋಹವು ಮತ್ತೆ ಮಣಿಗೆ ಮರಳಿ ಅಂಟಿಕೊಂಡು, ತಾನು ಹೊರಗೆ ಹೋಗಿಯೇ ಇರಲಿಲ್ಲವೆಂಬಂತೆ ಇದ್ದುಬಿಡಬಹುದು. 1970ರ ದಶಕದಲ್ಲಿ ಜೂಲಿಯಸ್ ರೆಬೆಕ್ ಎಂಬ ವಿಜ್ಞಾನಿ ಬಳಕೆಗೆ ತಂದ ಮತ್ತೊಂದು ಪರೀಕ್ಷೆಯ ತತ್ತ್ವವನ್ನೂ ಇಲ್ಲಿ ಬಳಸುತ್ತಾರೆ. ಕ್ರಿಯಾವರ್ಧಕವನ್ನು ಒಂದು ಮಣಿಗೂ ಮಾರ್ಪಡಬೇಕಾದ ವಸ್ತುವನ್ನು ಇನ್ನೊಂದು ಮಣಿಗೂ ಕಟ್ಟಿ, ಎರಡನ್ನೂ ಒಂದೇ ದ್ರಾವಕದಲ್ಲಿ ಇಡುತ್ತಾರೆ. ಒಂದು ಮಣಿಯ ಒಡಲು ಇನ್ನೊಂದರ ಒಡಲನ್ನು ಹೊಗಲಾರದು. ಆದರೂ ಎರಡನೆಯ ಮಣಿಯಲ್ಲಿರುವ ವಸ್ತುವು ಮಾರ್ಪಟ್ಟರೆ, ಮೊದಲನೆಯದರಿಂದ ಯಾರೋ ಹೊರಬಿದ್ದು ಪ್ರಯಾಣ ಮಾಡಿದ್ದಾರೆಂದೇ ಅರ್ಥ.

ಮರುಬಳಕೆಯನ್ನು ಅಳೆಯುವುದರಲ್ಲಿಯೂ ಎಚ್ಚರ ಬೇಕು. ಹೊಸ ಮಣಿಗಳು ಒಂದು ಕ್ರಿಯೆಯನ್ನು 2 ಗಂಟೆಗಳಲ್ಲಿ ಮುಗಿಸುತ್ತವೆಂದು ಇಟ್ಟುಕೊಳ್ಳೋಣ. ಆದರೆ ಪ್ರಯೋಗ ಮಾಡುವವನು ಪ್ರತಿಸಲವೂ 12 ಗಂಟೆಗಳ ಕಾಲ ಬಿಟ್ಟು, ಕೊನೆಯಲ್ಲಿ ಎಷ್ಟು ವಸ್ತು ದೊರೆಯಿತೆಂದು ಮಾತ್ರ ನೋಡುತ್ತಾನೆ. ಎರಡನೆಯ ಸಲ ಮಣಿಗಳ ಶಕ್ತಿ ಅರ್ಧಕ್ಕೆ ಇಳಿದರೆ ಕ್ರಿಯೆಗೆ ಸುಮಾರು 4 ಗಂಟೆ ಬೇಕಾಗುತ್ತದೆ. ಮೂರನೆಯ ಸಲ ಕಾಲುಭಾಗಕ್ಕೆ ಇಳಿದರೆ ಸುಮಾರು 8 ಗಂಟೆ. ಮೂರು ಸಲವೂ 12 ಗಂಟೆಗಳ ಕೊನೆಯಲ್ಲಿ ಫಲವು ಒಂದೇ! ಅದನ್ನು ನೋಡಿದವನು ಮಣಿಗಳು ಸ್ವಲ್ಪವೂ ಸವೆದಿಲ್ಲವೆಂದು ಹಿಗ್ಗುತ್ತಾನೆ. ನಿಜಸ್ಥಿತಿಯೆಂದರೆ, ಅವುಗಳ ಮುಕ್ಕಾಲು ಶಕ್ತಿ ಆಗಲೇ ಹೋಗಿದೆ. ಸಂಜೆಗೆ ಹೊಲ ಉತ್ತು ಮುಗಿದಿತ್ತೆಂಬುದರಿಂದ ಎತ್ತುಗಳ ಬಲವನ್ನು ತಿಳಿಯಲಾಗದು. ಅವು ಯಾವ ಹೊತ್ತಿಗೆ ಮುಗಿಸಿದವೆಂದು ಕೇಳಬೇಕು. ಆದುದರಿಂದ ಬಲ್ಲವರು ಕೊನೆಯ ಫಲವನ್ನಷ್ಟೇ ನೋಡದೆ, ಕ್ರಿಯೆಯ ಆರಂಭದ ವೇಗವನ್ನು ಪ್ರತಿಸಲವೂ ಅಳೆಯುತ್ತಾರೆ; ಸೋಸಿದ ದ್ರಾವಣದಲ್ಲಿ ಲೋಹವೆಷ್ಟಿದೆಯೆಂದೂ ಪರೀಕ್ಷಿಸುತ್ತಾರೆ.

ಸೋರಿಕೆಯನ್ನು ತಡೆಯಲು ಬಂಧದ ಬಗೆಯನ್ನೇ ಜಾಣತನದಿಂದ ಆರಿಸುವುದುಂಟು. ಮೀಥೈಲ್ ಮದ್ಯಸಾರ ಮತ್ತು ಇಂಗಾಲದ ಮಾನಾಕ್ಸೈಡುಗಳಿಂದ ಅಸೆಟಿಕ್ ಆಮ್ಲವನ್ನು ಪಡೆಯಲು ಜಪಾನಿನ ಚಿಯೋಡ ಸಂಸ್ಥೆಯು ರೂಪಿಸಿದ ವಿಧಾನದಲ್ಲಿ, ರೋಡಿಯಮಿನ ಸಂಯುಕ್ತವು ಋಣ ಆವೇಶವುಳ್ಳದ್ದು, ಪಾಲಿವಿನೈಲ್ ಪಿರಿಡೀನ್ ಎಂಬ ಪಾಲಿಮರಿನ ಮಣಿಯು ಧನ ಆವೇಶವುಳ್ಳದ್ದು. ವಿರುದ್ಧ ಆವೇಶಗಳ ಸೆಳೆತವೇ ಇಲ್ಲಿ ಲೋಹವನ್ನು ಹಿಡಿದಿಡುವ ಹಗ್ಗ. ಲೋಹವು ಒಂದೆಡೆ ಜಾರಿದರೂ ಹತ್ತಿರದಲ್ಲಿಯೇ ಇರುವ ಇನ್ನೊಂದು ಮಣಿಯು ಅದನ್ನು ಎಳೆದುಕೊಳ್ಳುತ್ತದೆ.

ಮಣಿಗಳಿಗೂ ಆಯುಸ್ಸಿನ ಮಿತಿಯುಂಟು. ಆಮ್ಲದ ಗುಂಪುಗಳುಳ್ಳ ಸಾಮಾನ್ಯ ಪಾಲಿಸ್ಟೈರೀನ್ ಮಣಿಗಳನ್ನು ಸುಮಾರು 120 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿದರೆ ಆ ಗುಂಪುಗಳು ಕಳಚಿಬೀಳುತ್ತವೆ. ಬಿರುಸಾಗಿ ಕಲಕಿದರೆ ಮಣಿಗಳು ಒಂದನ್ನೊಂದು ತಾಗಿ ಪುಡಿಯಾಗಿ ಸೋಸಲಾಗದಂತಾಗುತ್ತವೆ. ಪಾಲಿಸ್ಟೈರೀನ್ ನೀರಿನಲ್ಲಿ ಉಬ್ಬದಿರುವುದರಿಂದ, ಎಲ್ಲ ಕ್ರಿಯೆಗಳಿಗೂ ಒಂದೇ ಮಣಿ ಸಲ್ಲುವುದೂ ಇಲ್ಲ. ಅದಲ್ಲದೆ ಪಾಲಿಸ್ಟೈರೀನ್ ತಾನೇ ಪೆಟ್ರೋಲಿಯಮಿನಿಂದ ಬಂದದ್ದು. ಸವೆದುಹೋದ ಮೇಲೆ ಅದೂ ಒಂದು ಕಸವೇ. ಈ ಕಾರಣದಿಂದ ಹತ್ತಿಯಲ್ಲಿರುವ ಸೆಲ್ಯುಲೋಸು, ಸೀಗಡಿಯ ಚಿಪ್ಪಿನಿಂದ ಪಡೆಯುವ ಕೈಟೊಸಾನ್ ಮುಂತಾದ ಪ್ರಕೃತಿಯ ಪಾಲಿಮರುಗಳಿಗೆ ಲೋಹವನ್ನು ಕಟ್ಟುವ ಪ್ರಯತ್ನಗಳೂ ನಡೆದಿವೆ.

ಇಷ್ಟೆಲ್ಲ ಶ್ರಮ ಯಾತಕ್ಕಾಗಿ ಎಂದು ಕೇಳಬಹುದು. 1992ರಲ್ಲಿ ರೋಜರ್ ಶೆಲ್ಡನ್ ಎಂಬ ವಿಜ್ಞಾನಿ, ಒಂದು ಕಿಲೋಗ್ರಾಂ ವಸ್ತುವನ್ನು ತಯಾರಿಸುವಾಗ ಎಷ್ಟು ಕಿಲೋಗ್ರಾಂ ಕಸ ಉಂಟಾಗುತ್ತದೆಂದು ಲೆಕ್ಕಹಾಕಿ ತೋರಿಸಿದನು. ಹೆಚ್ಚಿನ ಪ್ರಮಾಣದಲ್ಲಿ ತಯಾರಾಗುವ ಸಾಮಾನ್ಯ ರಾಸಾಯನಿಕಗಳಲ್ಲಿ ಅದು 5 ಕಿಲೋಗ್ರಾಮಿಗಿಂತ ಕಡಿಮೆ. ಔಷಧಗಳಲ್ಲಿಯಾದರೋ 25ರಿಂದ 100 ಕಿಲೋಗ್ರಾಂ, ಕೆಲವೊಮ್ಮೆ ಅದಕ್ಕೂ ಹೆಚ್ಚು. ನಮ್ಮ ರೋಗವನ್ನು ಗುಣಪಡಿಸುವ ಗುಳಿಗೆಯೊಂದರ ಹಿಂದೆ ಅದರ ಹಲವು ಪಟ್ಟು ತೂಕದ ಕೊಳೆ ಎಲ್ಲಿಯೋ ಹರಿಯುತ್ತಿರುತ್ತದೆ. 1998ರಲ್ಲಿ ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ ಹಸಿರು ರಸಾಯನ ವಿಜ್ಞಾನಕ್ಕೆ 12 ಸೂತ್ರಗಳನ್ನು ಹೇಳಿದರು. ಕ್ರಿಯೆಯಲ್ಲಿ ವ್ಯಯವಾಗಿಹೋಗುವ ವಸ್ತುಗಳಿಗಿಂತ ಕ್ರಿಯಾವರ್ಧಕಗಳು ಮೇಲೆಂಬುದು ಅವುಗಳಲ್ಲಿ ಒಂಬತ್ತನೆಯದು. ಕಸವು ಹುಟ್ಟಿದ ಮೇಲೆ ಗುಡಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಲೇಸೆಂಬುದು ಮೊದಲನೆಯದು.

ಮಣಿಗೆ ಕಟ್ಟಿದ ಕ್ರಿಯಾವರ್ಧಕವು ಈ ಎರಡು ಸೂತ್ರಗಳಿಗೂ ಒಪ್ಪುವ ಸಾಧನ. ಆದರೆ ಅದು ಪವಾಡವಲ್ಲ. ಎಷ್ಟು ಸಲ ಬಳಸಿದೆವೆಂದು ಎಣಿಸುವುದು ಸುಲಭ. ಪ್ರತಿಸಲವೂ ಅದು ಎಷ್ಟು ದುಡಿಯಿತು, ಎಷ್ಟು ಸೋರಿತು ಎಂದು ಅಳೆಯುವುದು ಕಷ್ಟ. ಆ ಕಷ್ಟವನ್ನು ವಹಿಸಿದವರಿಂದಲೇ ಈ ವಿದ್ಯೆ ಬೆಳೆದಿದೆ. ಪ್ರಯೋಗಾಲಯದಲ್ಲಿ ಸೋಸುಕಾಗದದ ಮೇಲೆ ಉಳಿದ ಮಣಿಗಳನ್ನು ಎಲ್ಲರೂ ಜೋಪಾನವಾಗಿ ಎತ್ತಿಡುತ್ತಾರೆ. ಕೆಳಗೆ ಇಳಿದ ದ್ರಾವಣವನ್ನು ಚೆಲ್ಲುವ ಮುನ್ನ ಪರೀಕ್ಷಿಸುವವನೇ ನಿಜವಾದ ರಸಾಯನ ವಿಜ್ಞಾನಿ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ‘ಕೆಟಾಲಿಸಿಸ್’ ಎಂಬ ಹೆಸರನ್ನು ಕೊಟ್ಟವರು ಯಾರು?
2. ಪಾಲಿಸ್ಟೈರೀನ್ ಸರಪಣಿಗಳನ್ನು ಗಂಟುಹಾಕುವ ವಸ್ತು ಯಾವುದು?
3. ಲೋಹದ ಸೋರಿಕೆ ಎಂದರೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಕರಗಿದ ಕ್ರಿಯಾವರ್ಧಕಕ್ಕೂ ಘನ ಕ್ರಿಯಾವರ್ಧಕಕ್ಕೂ ಇರುವ ವ್ಯತ್ಯಾಸಗಳನ್ನು ತಿಳಿಸಿರಿ.
2. ಗ್ರಬ್ಸ್ ಮತ್ತು ಕ್ರೋಲ್ ನಡೆಸಿದ ಪ್ರಯೋಗವನ್ನು ವಿವರಿಸಿರಿ.
3. ದ್ರಾವಣವು ಬಿಸಿಯಾಗಿರುವಾಗಲೇ ಮಣಿಗಳನ್ನು ಸೋಸಬೇಕು. ಏಕೆ?

ಇ) ಈ ಮಾತಿನ ಸ್ವಾರಸ್ಯವನ್ನು ವಿವರಿಸಿರಿ:
“ಆಮ್ಲವು ಕ್ರಿಯೆಯಲ್ಲಿ ವ್ಯಯವಾಗಲಿಲ್ಲ, ನಾವೇ ಅದನ್ನು ಹಾಳುಮಾಡಿದೆವು.”